ಮುದುಕವ್ವನ ಹೆಸರಿಗೆ ಬಂದ ತಡೆಯಾಜ್ಞೆ

ಹಾವೇರಿ ಕೋರ್ಟಿನ ಎದುರಿನ ಸಾಲಿನಲ್ಲಿ ನಾನು ಅರ್ಜಿ, ಅಫಿಡವಿಟ್ಟು ಟೈಪ್ ಮಾಡಿಕೊಡುತ್ತೇನೆ. ಹೊಲದ ಬದುವಿಗೆ, ಮನೆಯ ಗೋಡೆಗೆ, ಪಾಲಿಗೆ ಜನ ಬಡಿದಾಡುವುದು ನನಗೆ ಹೊಸದಲ್ಲ. ಆದರೆ ಒಬ್ಬ ಹೆಂಗಸಿನ ಹೆಸರನ್ನೇ ಬೇರೆಯವರು ತಮ್ಮದು ಅಂದು, ಅದನ್ನು ಬಳಸಬೇಡ ಎಂದು ಆಕೆಯ ಮೇಲೇ ತಡೆಯಾಜ್ಞೆ ತಂದದ್ದನ್ನು ನೋಡಿದ್ದು ಅದೊಂದೇ ಸಲ. ಆ ಸಿಟ್ಟು ನನ್ನಲ್ಲಿ ಇನ್ನೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಕೆಯ ಹೆಸರು ಮುದುಕವ್ವ. ವಯಸ್ಸಾದ ಮೇಲೆ ಜನ ಕರೆದದ್ದಲ್ಲ. ತುಂಗಭದ್ರೆಯ ದಂಡೆಯ ಐರಣಿಯಲ್ಲಿ ಹುಟ್ಟಿದಾಗ ತೊಟ್ಟಿಲಲ್ಲಿ ಹಾಕಿ ಇಟ್ಟ ಹೆಸರು, ತೀರಿಹೋದ ಅಜ್ಜಿಯದು. ನಮ್ಮ ಕಡೆ ಹಸುಗೂಸಿಗೂ ಮುದುಕವ್ವ ಅನ್ನುತ್ತಾರೆ, ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ.

ಮದುವೆಯಾಗಿ ಬ್ಯಾಡಗಿಗೆ ಬಂದಳು. ಗಂಡ ಕೊಟ್ರಪ್ಪ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ತೂಕ ಮಾಡುತ್ತಿದ್ದ. ಆಕೆ ಹೆಂಗಸರ ಸಾಲಿನಲ್ಲಿ ಕೂತು ಕಾಯಿಯ ತೊಟ್ಟು ಮುರಿಯುತ್ತಿದ್ದಳು. ವರ್ಷಗಟ್ಟಲೆ ಖಾರದ ಘಾಟು ಕುಡಿದು ಕೊಟ್ರಪ್ಪನ ಎದೆ ಕೆಟ್ಟಿತು. ಊರು ಬಿಡದಿದ್ದರೆ ಗುಣವಾಗದು ಎಂದು ಡಾಕ್ಟರು ಹೇಳಿದರು. ಆಗಷ್ಟೇ ಹಾವೇರಿ ಹೊಸ ಜಿಲ್ಲೆಯಾಗಿ, ಕಚೇರಿಗಳು ಒಂದೊಂದಾಗಿ ಬರುತ್ತಿದ್ದವು. ಕೆಲಸಕ್ಕೆ ಬಂದ ಜನರಿಗೆ ಮಧ್ಯಾಹ್ನ ಊಟ ಸಿಗುತ್ತಿರಲಿಲ್ಲ. ಮುದುಕವ್ವ ಕೋರ್ಟಿನ ಎದುರು ಒಂದು ತಗಡಿನ ಖೋಲಿ ಬಾಡಿಗೆ ಹಿಡಿದು ಒಲೆ ಹೂಡಿದಳು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿ, ಕೊನೆಗೆ ಅನ್ನ ಸಾರು. ಬೋರ್ಡ್ ಬರೆಯುವವನು ಯಾವ ದೇವರ ಹೆಸರು ಹಾಕಲಿ ಎಂದು ಕೇಳಿದಾಗ ಕೊಟ್ರಪ್ಪ, ಅಡುಗೆ ಮಾಡುವವಳ ಹೆಸರೇ ಇರಲಿ ಅಂದನಂತೆ. ಆಗ ಆಕೆಗೆ ಮೂವತ್ತೂ ತುಂಬಿರಲಿಲ್ಲ. ಒಳಗೆ ಬಂದವರು ಮುದುಕಿ ಎಲ್ಲಿ ಎಂದು ಹುಡುಕುತ್ತಿದ್ದರಂತೆ.

ಕೊಟ್ರಪ್ಪ ತೀರಿಹೋಗಿ ಬಹಳ ದಿನವಾಯಿತು. ಈಗ ಆಕೆಯ ಕೂದಲು ನರೆತಿದೆ, ಹೆಸರಿಗೆ ವಯಸ್ಸು ಕೂಡಿಬಂದಿದೆ. ಮಗಳು ಶೈಲಾ ಜೊತೆಗಿದ್ದಾಳೆ. ಕೋರ್ಟಿನ ಅರ್ಧ ವಕೀಲರು ಅವಳ ರೊಟ್ಟಿ ತಿಂದೇ ದೊಡ್ಡವರಾದವರು. ಜೂನಿಯರ್ ಆಗಿದ್ದಾಗ ಉದ್ರಿ ಉಂಡವರು, ಹಬ್ಬಕ್ಕೆ ಹೋಳಿಗೆ ಕಟ್ಟಿಸಿಕೊಂಡು ಹೋದವರು, ಅವ್ವಾ ಎಂದು ಕರೆದವರು. ಇದನ್ನು ನೆನಪಿಟ್ಟುಕೊಳ್ಳಿ ಎಂದು ನಾನು ಹೇಳುವುದಿಲ್ಲ, ಅವರೇ ನೆನಪಿಟ್ಟುಕೊಳ್ಳಬೇಕಿತ್ತು.

ಕೊರೊನಾ ಮುಗಿದು ಖಾನಾವಳಿ ಮತ್ತೆ ಕೈ ಹಿಡಿಯುತ್ತಿದ್ದ ಕಾಲ. ಶೈಲಾ ಬ್ಯಾಡಗಿಯ ಸಂಬಂಧಿಕರ ಮನೆಗೆ ಹೋದವಳು ಅಲ್ಲಿನ ಅಂಗಡಿಯಿಂದ ಕಡಕ್ ರೊಟ್ಟಿಯ ಒಂದು ಪ್ಯಾಕೆಟ್ ತಂದಳು. ಅದರ ಮೇಲೆ ಕೆಂಪಕ್ಷರದಲ್ಲಿ ‘ಮುದುಕವ್ವ’ ಎಂದಿತ್ತು. ಕೆಳಗೆ ಒಂದು ಚಿತ್ರ: ದೊಡ್ಡ ಕುಂಕುಮ, ಮೂಗಿನಲ್ಲಿ ನತ್ತು, ತಲೆಯ ಮೇಲೆ ಇಳಕಲ್ ಸೀರೆಯ ಸೆರಗು, ಬಲಗೆನ್ನೆಯ ಮೇಲೆ ನರೂಲಿ. ಮುದುಕವ್ವನ ಬಲಗೆನ್ನೆಯ ಮೇಲೂ ನರೂಲಿ ಇದೆ. ಆಕೆ ಪ್ಯಾಕೆಟ್ ತಿರುಗಿಸಿ ಮುರುಗಿಸಿ ನೋಡಿ, ಒಂದು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು, ಹಿಟ್ಟು ಹಳೆಯದು ಎಂದಷ್ಟೇ ಹೇಳಿದಳು. ಹುಬ್ಬಳ್ಳಿ, ಬೆಂಗಳೂರಿನಲ್ಲಿ ಅದೇ ಹೆಸರಿನ ಹೋಟೆಲುಗಳೂ ಇವೆಯೆಂದು ಯಾರೋ ಹೇಳಿದರು. ಇರಲಿ ಬಿಡು, ನಮ್ಮ ಕಡೆ ಇನ್ನೆಷ್ಟು ಮುದುಕವ್ವರಿಲ್ಲ ಎಂದು ಆಕೆ ಸುಮ್ಮನಾದಳು.

ಪ್ಯಾಕೆಟ್ಟಿನ ಕಂಪನಿಯವರು ಸುಮ್ಮನಾಗಲಿಲ್ಲ. ಆ ಕಂಪನಿಗೆ ಹಾವೇರಿಯ ಹೈವೇ ಪಕ್ಕ ದೊಡ್ಡ ಹೋಟೆಲು ತೆರೆಯುವುದಿತ್ತು. ಅದೇ ಊರಲ್ಲಿ ಅದೇ ಹೆಸರಿನ ತಗಡಿನ ಖಾನಾವಳಿ ಇರುವುದು ಅವರಿಗೆ ಬೇಡವಾಗಿತ್ತು. ‘ಮುದುಕವ್ವ’ ತಮ್ಮ ನೋಂದಾಯಿತ ಟ್ರೇಡ್‌ಮಾರ್ಕು, ಕೋರ್ಟಿನ ಎದುರಿನ ಹೆಂಗಸು ಅದನ್ನು ಕದ್ದು ಬಳಸುತ್ತಿದ್ದಾಳೆ ಎಂದು ದಾವೆ ಹಾಕಿದರು. ನೋಟೀಸು ಆಕೆಯ ಕೈಗೆ ಬರುವ ಮೊದಲೇ, ಒಂದೇ ಪಕ್ಷದ ಮಾತು ಕೇಳಿ ತಾತ್ಕಾಲಿಕ ತಡೆಯಾಜ್ಞೆಯಾಯಿತು. ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ. ಅದನ್ನು ಕೇಳಿ ತಂದುಕೊಟ್ಟವರು ವೀರೇಂದ್ರ ವಕೀಲರು. ಹಿರಿಯರು. ಹಿಂದಿನ ದಿನ ಮಧ್ಯಾಹ್ನ ಆಕೆಯ ಬಳಿಯೇ ಉಂಡು ಹೋಗಿದ್ದರು.

ಬೇಲಿಫ್ ಫಕ್ಕೀರಸಾಬ ಆದೇಶ ಹಿಡಿದು ರಸ್ತೆ ದಾಟಿ ಬಂದಾಗ ಪಂಕ್ತಿ ನಡೆದಿತ್ತು. ಅವನು ಎಲ್ಲರ ಊಟ ಮುಗಿಯುವತನಕ ಹೊರಗೆ ನಿಂತ. ಆಮೇಲೆ ಬೋರ್ಡಿನ ಮೇಲೆ ಸುಣ್ಣ ಬಳಿಸಬೇಕು, ಪಾರ್ಸೆಲ್ ಚೀಲದ ಮೇಲೆ ಹೆಸರು ಇರಬಾರದು ಎಂದು ತಲೆ ತಗ್ಗಿಸಿ ಓದಿ ಹೇಳಿದ. ಮುದುಕವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

“ಹಂಗಾರ ನನ್ನ ಏನಂತ ಕರೀಬೇಕಂತ ಬರದಾರೇನು ಅದರಾಗ?” ಎಂದು ಕೇಳಿದಳು.

ಫಕ್ಕೀರಸಾಬ ಆದೇಶದ ಪ್ರತಿಯನ್ನು ಮುಂದೆ ಚಾಚಿ, ಆಕೆ ಸಹಿ ಹಾಕಬೇಕಾದ ಜಾಗ ತೋರಿಸಿದ. ಸುಣ್ಣ ಬಳಿದಾಯಿತು.

ಮರುದಿನ ಆಕೆ ಒಬ್ಬೊಬ್ಬ ವಕೀಲರ ಹತ್ತಿರ ಹೋದಳು. ಜಿಲ್ಲೆಯಾದಾಗಿನಿಂದ ಇಲ್ಲೇ ಉಂಡಿದ್ದೇವೆ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಒಬ್ಬರು, ಇದೇ ಕೋರ್ಟಿನ ವಕೀಲರು ಸಾಕ್ಷಿ ಕಟ್ಟೆ ಹತ್ತಿದರೆ ಚಂದ ಕಾಣದು ಅಂದರು. ಇನ್ನೊಬ್ಬರಿಗೆ ಆ ಕಂಪನಿಯ ಬೇರೆ ಕೆಲಸ ಬರುವುದಿತ್ತು. ಮತ್ತೊಬ್ಬರು ನಗುತ್ತ, ‘ಅಕ್ಕನ ಖಾನಾವಳಿ’ ಅಂತ ಹಾಕು, ಮುಗೀತು ಎಂದು ಉಪಾಯ ಹೇಳಿಕೊಟ್ಟರು. ನಾನು ಹೇಳಲು ತಯಾರಿದ್ದೆ. ಆದರೆ ನಾನು ಹಾವೇರಿಗೆ ಬಂದದ್ದೇ ಕಂಪನಿಯ ನೋಂದಣಿಯಾದ ಮೇಲೆ. ನನ್ನ ಮಾತು ಏನಕ್ಕೂ ಬರುತ್ತಿರಲಿಲ್ಲ.

ಕೊನೆಗೆ ವಕಾಲತ್ತು ಹಿಡಿದವಳು ಸುರೇಖಾ. ರಾಣೆಬೆನ್ನೂರಿನಿಂದ ಬಸ್ಸಿನಲ್ಲಿ ಬಂದುಹೋಗುವ, ಹೆಚ್ಚು ಕೇಸುಗಳಿಲ್ಲದ ವಕೀಲೆ. ಅವಳು ಮುದುಕವ್ವನಿಗೆ ಬಿಡಿಸಿ ಹೇಳಿದಳು: ಟ್ರೇಡ್‌ಮಾರ್ಕ್ ಪಡೆದವನು ಎಷ್ಟೇ ದೊಡ್ಡವನಾದರೂ, ತನ್ನ ಸ್ವಂತ ಹೆಸರನ್ನು ಪ್ರಾಮಾಣಿಕವಾಗಿ ಬಳಸುವವರನ್ನು ತಡೆಯುವಂತಿಲ್ಲ. ತನಗಿಂತ ಮೊದಲಿನಿಂದ ಬಳಸಿಕೊಂಡು ಬಂದವರನ್ನೂ ತಡೆಯುವಂತಿಲ್ಲ. ಕಾಯ್ದೆಯಲ್ಲೇ ಇದೆ. ಆದರೆ ಮೊದಲಿನಿಂದ ಇದ್ದದ್ದನ್ನು ತೋರಿಸಬೇಕು. ತಗಡಿನ ಖೋಲಿಯಲ್ಲಿ ರೊಟ್ಟಿ ಬಡಿದವಳ ಹತ್ತಿರ ಅಷ್ಟು ಹಳೆಯ ರಸೀದಿ, ಲೈಸೆನ್ಸು ಎಲ್ಲಿಂದ ಬರಬೇಕು?

ಕೇಸು ಎಳೆಯಿತು. ಹೆಸರಿಲ್ಲದ ಖಾನಾವಳಿಗೆ ಹಳಬರು ಬಂದರು, ಹೊಸಬರು ದಾರಿ ತಪ್ಪಿದರು. ನಡುವೆ ಕಂಪನಿ ಇನ್ನೊಂದು ಅರ್ಜಿ ಹಾಕಿತು: ಫೋನಿನ ನಕ್ಷೆಯಲ್ಲಿ ‘ಮುದುಕವ್ವನ ಖಾನಾವಳಿ’ ಇನ್ನೂ ಕಾಣುತ್ತಿದೆ, ಆಕೆ ಕೋರ್ಟಿನ ಆಜ್ಞೆ ಮೀರಿದ್ದಾಳೆ, ಶಿಕ್ಷೆ ಕೊಡಬೇಕು. ಯಾರೋ ಗಿರಾಕಿ ಯಾವಾಗಲೋ ಹಾಕಿದ್ದ ಹೆಸರು ಅದು. ಮುದುಕವ್ವನ ಹತ್ತಿರ ಇರುವುದು ಗುಂಡಿ ಒತ್ತುವ ಫೋನು. ಆ ಅರ್ಜಿ ನಿಲ್ಲಲಿಲ್ಲ, ಆದರೆ ಅದಕ್ಕೂ ಆಕೆ ಕಟಕಟೆಯ ಹತ್ತಿರ ಕೈ ಕಟ್ಟಿ ನಿಂತಳು.

ಆಮೇಲೆ ಒಂದು ರಾಜಿಯ ಮಾತು ಬಂತು. ವೀರೇಂದ್ರ ವಕೀಲರೇ ತಂದರು. ಹೆಸರು ಬಿಟ್ಟುಕೊಟ್ಟರೆ ಹೈವೇ ಹೋಟೆಲಿನಲ್ಲಿ ಆಕೆಗೆ ಕೆಲಸ. ಬಾಗಿಲಲ್ಲೇ ಗಾಜಿನ ಖೋಲಿ, ಅದರೊಳಗೆ ಇಳಕಲ್ ಸೀರೆ ಉಟ್ಟು ಕೂತು ಬಂದವರಿಗೆ ಕಾಣುವಂತೆ ರೊಟ್ಟಿ ಬಡಿಯುವುದು. ಜನ ಸೆಲ್ಫಿ ತೆಗೆದುಕೊಳ್ಳುತ್ತಾರೆ ಎಂದು ಒಳ್ಳೆಯ ಸುದ್ದಿಯ ಹಾಗೆ ಹೇಳಿದರು. ಮುದುಕವ್ವ ಅವರ ಮುಂದಿನ ಚಹಾ ಎತ್ತಿಕೊಂಡು ಒಳಗೆ ಹೋದಳು.

ಸಾಕ್ಷಿ ಶುರುವಾಯಿತು. ಮುದುಕವ್ವನ ಪಾಟೀಸವಾಲಿನಲ್ಲಿ ವೀರೇಂದ್ರ ವಕೀಲರು ಕೇಳಿದ್ದನ್ನು ನಾನು ಹಿಂದೆ ಕೂತು ಕೇಳಿದೆ. ಮುದುಕವ್ವ ಎಂಬುದು ಹೆಸರೇ ಅಲ್ಲ, ವಯಸ್ಸಾದ ಹೆಂಗಸಿಗೆ ಅನ್ನುವ ಮಾತು. ಅದನ್ನು ತಮ್ಮ ಕಕ್ಷಿದಾರರು ಕಲ್ಪಿಸಿ ಬೆಳೆಸಿದರು. ಕಂಪನಿ ಹೆಸರಾದ ಮೇಲೆ ಈಕೆ ತನ್ನನ್ನು ಹಾಗೆ ಕರೆದುಕೊಂಡಳು ಎಂಬ ವಾದ. ನಿಮ್ಮ ಖರೇ ಹೆಸರೇನು ಎಂದು ತಿರುಗಿ ತಿರುಗಿ ಕೇಳಿದರು.

“ನೀವs ಎಷ್ಟ ವರ್ಷ ಕರದೀರಲ್ರಿ ವಕೀಲರ, ಮರತೀರೇನು?” ಎಂದಳು ಮುದುಕವ್ವ.

ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಬೇಕು ಎಂದು ಆಕೆಗೆ ತಾಕೀತು ಆಯಿತು.

ಕಂಪನಿಯ ಮಾಲೀಕ ವಿಜಯಮಹಾಂತೇಶನೂ ಕಟ್ಟೆ ಹತ್ತಿದ. ಬಿಳಿ ಅಂಗಿ, ಮೆದು ಮಾತು. ಆ ಚಿತ್ರ ತನ್ನ ಸ್ವಂತ ಅಜ್ಜಿಯ ನೆನಪಿನಲ್ಲಿ ಬರೆಸಿದ್ದು, ಹಾವೇರಿಯ ಆ ಖಾನಾವಳಿಯನ್ನು ತಾನು ಈ ಕೇಸಿಗೆ ಮೊದಲು ನೋಡಿಯೇ ಇಲ್ಲ ಎಂದು ಪ್ರಮಾಣ ಮಾಡಿ ಹೇಳಿದ. ಮುದುಕವ್ವನಿಗೆ ಅವನ ಗುರುತು ಹತ್ತಲಿಲ್ಲ. ಉಂಡು ಹೋದವರ ಮುಖ ನೆನಪಿಡುವುದು ಆಕೆಯಿಂದ ಆಗದ ಕೆಲಸ. ಎಷ್ಟು ಜನ ಬಂದರು, ಎಷ್ಟು ಜನ ಹೋದರು. ಆ ಸಂಜೆ ಸುರೇಖಾ, ಇದು ಸುಳ್ಳೆಂದು ಹೇಳುವವರು ಯಾರೂ ಇಲ್ಲವಲ್ಲ ಎಂದು ರಾಣೆಬೆನ್ನೂರಿನ ಬಸ್ಸು ಹತ್ತಿದಳು.

ಆಗ ಬಂದವನು ಮೈಲಾರೆಪ್ಪ. ರಸ್ತೆಯ ಆ ಬದಿಗೆ ಅವನದೊಂದು ಊಟದ ಹೋಟೆಲು, ಮುದುಕವ್ವನದಕ್ಕಿಂತ ಹಳೆಯದು. ಆಕೆ ಒಲೆ ಹೂಡಿದ ಮೇಲೆ ಅವನ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟಿದ್ದರು. ಆವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಬೋರ್ಡಿಗೆ ಸುಣ್ಣ ಬಿದ್ದಾಗ ಎಲ್ಲರೂ, ಇವನಿಗೆ ಇನ್ನು ಹಬ್ಬ ಅಂದುಕೊಂಡಿದ್ದರು. ಅವನು ಸುರೇಖಾಳ ಹತ್ತಿರ ಬಂದು, ಆ ಬಿಳಿ ಅಂಗಿಯವನ ಬಗ್ಗೆ ತನಗೆ ಹೇಳುವುದಿದೆ, ಕೋರ್ಟಿನಲ್ಲೇ ಹೇಳುತ್ತೇನೆ ಅಂದ. ಸುರೇಖಾ ಅನುಮಾನಿಸಿದಳು. ಮುದುಕವ್ವನೇ, ಕರೀರಿ, ಬೇಕಾದ್ದು ಹೇಳಲಿ ಅಂದಳು.

ಮೈಲಾರೆಪ್ಪ ಕಟ್ಟೆಯಲ್ಲಿ ನಿಂತು, ಹಾವೇರಿ ಜಿಲ್ಲೆಯಾದ ವರ್ಷ ಆಕೆ ಖಾನಾವಳಿ ಹಾಕಿದಳು, ಅದೇ ಹೆಸರು, ಅದೇ ಬೋರ್ಡು ಎಂದು ಹೇಳಿದ. ಆಮೇಲೆ ವಿಜಯಮಹಾಂತೇಶ ಕೂತಲ್ಲಿಗೆ ಕೈ ತೋರಿಸಿದ. ಕಂಪನಿ ಕಟ್ಟುವ ಮೊದಲು ಅವನು ರಾಣೆಬೆನ್ನೂರಿನಲ್ಲಿ ಬೀಜದ ಏಜೆನ್ಸಿ ಇಟ್ಟಿದ್ದ. ಬೀಜ ಮೊಳೆಯಲಿಲ್ಲವೆಂದು ರೈತರು ಹಾವೇರಿಯಲ್ಲಿ ಕೇಸು ಹಾಕಿದ್ದರು. ತಾರೀಖಿಗೆ ಬಂದಾಗಲೆಲ್ಲ ಮೊದಮೊದಲು ಉಣ್ಣುತ್ತಿದ್ದದ್ದು ಮೈಲಾರೆಪ್ಪನ ಹೋಟೆಲಿನಲ್ಲಿ, ಆಮೇಲೆ ಮುದುಕವ್ವನಲ್ಲಿ. ಒಂದು ದಿನ ರೊಟ್ಟಿ ಬಡಿಯುತ್ತಿದ್ದ ಆಕೆಯ ಫೋಟೋ ತೆಗೆದದ್ದನ್ನೂ ಮೈಲಾರೆಪ್ಪ ತನ್ನ ಹೋಟೆಲಿನ ಬಾಗಿಲಿನಿಂದ ನೋಡಿದ್ದ.

ವೀರೇಂದ್ರ ವಕೀಲರು ಎದ್ದರು. ಇಷ್ಟು ವರ್ಷದ ಮೇಲೆ ಒಬ್ಬ ಗಿರಾಕಿಯ ಮುಖ ಹೇಗೆ ನೆನಪಿರುತ್ತದೆ, ಈಕೆ ನಿಮ್ಮ ಸ್ನೇಹಿತೆ, ಅದಕ್ಕೇ ಸುಳ್ಳು ಹೇಳುತ್ತಿದ್ದೀರಿ ಅಂದರು.

“ಅಕಿ ಕೂಡ ನನಗ ಮಾತs ಇಲ್ರಿ,” ಎಂದ ಮೈಲಾರೆಪ್ಪ. “ನನ್ನ ಹೋಟೆಲ್ ಮುಳುಗಿಸಿದಾಕಿ ಅಕಿ. ನನ್ನ ಪಂಕ್ತಿ ಬಿಟ್ಟು ಆ ಕಡೆ ಹೋದವರು ಒಬ್ಬೊಬ್ಬರೂ ನನಗ ನೆನಪದಾರ. ಈ ಸಾಹೇಬ್ರೂ ಅದಾರ. ನೀವೂ ಅದೀರಿ.”

ಯಾರೋ ನಕ್ಕರು, ನ್ಯಾಯಾಧೀಶರು ಸುಮ್ಮನಿರಿ ಅಂದರು. ವಿಜಯಮಹಾಂತೇಶನನ್ನು ಮತ್ತೆ ಕರೆಸಿ ಕೇಳಿದಾಗ, ಬೀಜದ ಕೇಸು ಇದ್ದದ್ದು ಹೌದು, ಊಟ ಎಲ್ಲಿ ಮಾಡಿದೆನೋ ನೆನಪಿಲ್ಲ ಎಂದ. ಮೊದಲು ನೋಡಿಯೇ ಇಲ್ಲ ಎಂದವನು ಈಗ ನೆನಪಿಲ್ಲ ಅಂದ.

ತೀರ್ಪು ಬಂತು. ಹಳೆಯ ಮತದಾರರ ಪಟ್ಟಿಯಲ್ಲೂ ಇರುವಂತೆ ಮುದುಕವ್ವ ಎಂಬುದು ಆಕೆಯ ಹುಟ್ಟುಹೆಸರು; ಕಂಪನಿ ಹುಟ್ಟುವ ಮೊದಲಿನಿಂದ ಆಕೆ ಅದನ್ನು ಪ್ರಾಮಾಣಿಕವಾಗಿ ಬಳಸುತ್ತ ಬಂದಿದ್ದಾಳೆ; ವ್ಯಾಪಾರದಲ್ಲಿ ಪ್ರತಿಸ್ಪರ್ಧಿಯಾದವನೇ ತನ್ನ ಲಾಭಕ್ಕೆ ವಿರುದ್ಧವಾಗಿ ಹೇಳಿದ ಸಾಕ್ಷಿಯನ್ನು ನಂಬದಿರಲು ಕಾರಣವಿಲ್ಲ. ತಡೆಯಾಜ್ಞೆ ರದ್ದು, ದಾವೆ ವಜಾ. ಸುರೇಖಾ ಓದಿ ಹೇಳುವಾಗ ಶೈಲಾ ಅತ್ತಳು. ಮುದುಕವ್ವ ಅಳಲಿಲ್ಲ.

“ಹಂಗಾರ ಆ ಪ್ಯಾಕೆಟ್ ಮ್ಯಾಲಿನ ನನ್ನ ಮಾರಿ?” ಎಂದು ಕೇಳಿದಳು.

ಸುರೇಖಾ ಹೇಳಲೇಬೇಕಾಯಿತು. ಆಕೆಯನ್ನು ತಡೆಯುವಂತಿಲ್ಲ ಎಂದಷ್ಟೇ ತೀರ್ಪು. ಕಂಪನಿಯ ನೋಂದಣಿ ಹಾಗೇ ಇದೆ, ಅವರನ್ನು ಯಾರೂ ತಡೆದಿಲ್ಲ. ಕಳುವಾದ ಮನೆಯ ಒಡತಿಗೆ, ನೀನು ನಿನ್ನ ಮನೆಯಲ್ಲಿ ಇರಬಹುದು ಎಂದು ಹೇಳಿ ಕಳಿಸಿದ ಹಾಗೆ. ಅದನ್ನು ಗೆಲುವು ಎಂದು ಕರೆದು ವಕೀಲರು ಕೈ ಕುಲುಕಲು ಬಂದರು. ಸಾಕ್ಷಿ ಹೇಳಿದರೆ ಚಂದ ಕಾಣದು ಎಂದವರೇ ಮೊದಲು ಬಂದರು.

ಆ ವಾರವೇ ವೀರೇಂದ್ರ ವಕೀಲರೂ ಊಟದ ಹೊತ್ತಿಗೆ ಬಂದು ಹಳೆಯ ಜಾಗದಲ್ಲಿ ಕೂತರು. ವೃತ್ತಿ ಬೇರೆ, ವಿಶ್ವಾಸ ಬೇರೆ ಎಂದು ಶೈಲಾಳಿಗೆ ಕೇಳಿಸುವಂತೆ ಅಂದರು. ಮುದುಕವ್ವ ಅವರ ಮುಂದೆ ತಾಟು ಇಡಲಿಲ್ಲ. ಅವರಿಗೆ ಬೇಕಾದ ಮುದುಕವ್ವ ಹೈವೇ ಕಡೆ ಇದ್ದಾಳೆ, ಅಲ್ಲಿ ಹೋಗಿ ಉಣ್ಣಲಿ ಎಂದು ಪಕ್ಕದವರಿಗೆ ರೊಟ್ಟಿ ಬಡಿಸುತ್ತ ಹೇಳಿದಳು. ಸಿಟ್ಟಿನ ದನಿಯಲ್ಲ, ಜಾಗ ಖಾಲಿ ಇಲ್ಲ ಎನ್ನುವ ದನಿ. ಅವರು ಎದ್ದು ಹೋದರು.

ಹೈವೇ ಹೋಟೆಲು ಅಷ್ಟರಲ್ಲಿ ಶುರುವಾಗಿತ್ತು. ಒಂದು ಮಧ್ಯಾಹ್ನ ಮುದುಕವ್ವ ಶೈಲಾಳನ್ನು ಕರೆದುಕೊಂಡು ಆಟೋದಲ್ಲಿ ಅಲ್ಲಿಗೆ ಹೋದಳು. ಆಳೆತ್ತರದ ಬೋರ್ಡಿನಲ್ಲಿ ನತ್ತು, ಕುಂಕುಮ, ನರೂಲಿ. ಗಾಜಿನ ಖೋಲಿಯಲ್ಲಿ ಬೇರೆ ಯಾವಳೋ ಹೆಂಗಸು ಇಳಕಲ್ ಸೀರೆ ಉಟ್ಟು ರೊಟ್ಟಿ ಬಡಿಯುತ್ತಿದ್ದಳು, ಹೊರಗೆ ಜನ ಫೋನು ಹಿಡಿದು ನಿಂತಿದ್ದರು. ಮುದುಕವ್ವ ಗಾಜಿನ ಹತ್ತಿರ ಹೋಗಿ ಅವಳನ್ನು ನಿನ್ನ ಹೆಸರೇನು ಎಂದು ಕೇಳಿದಳು. ಹೊನ್ನವ್ವ, ಆದರೆ ಯಾರಾದರೂ ಕೇಳಿದರೆ ಮುದುಕವ್ವ ಅನ್ನಬೇಕೆಂದು ಹೇಳಿದ್ದಾರೆ ಎಂದು ಅವಳು ತಗ್ಗಿದ ದನಿಯಲ್ಲಿ ಹೇಳಿದಳು. ಅವಳ ಮೇಲೆ ಮುದುಕವ್ವನಿಗೆ ಸಿಟ್ಟು ಬರಲಿಲ್ಲ. ಒಲೆಯ ಝಳ ತಾಳಲಾಗದು, ಮೇಲೆ ಒಂದು ಕಿಂಡಿ ಬಿಡಿಸಿಕೋ ಎಂದು ಹೇಳಿ ಬಂದಳು.

ಆ ದಿನ ಸಂಜೆ ನೇರವಾಗಿ ನನ್ನ ಟೈಪಿಂಗ್ ಮೇಜಿನ ಹತ್ತಿರ ಬಂದು ಕೂತಳು. ಸುರೇಖಾಳೂ ಇದ್ದಳು. ಸಾಕು ಮಾಡವ್ವ, ಗೆದ್ದಾಯಿತಲ್ಲ ಎಂದು ಶೈಲಾ ಬೇಡಿಕೊಂಡಳು.

“ಗೆದ್ದಿಲ್ಲ ನಾವು,” ಅಂದಳು ಮುದುಕವ್ವ. “ಇನ್ನೊಬ್ಬಾಕಿ ಹೆಸರನೂ ಕಸಗೊಂಡು ನಂದು ಹಚ್ಯಾರ ಅವರು. ಬರೀರಿ ನೀವು.”

ನಾನು ಬರೆದೆ. ಈ ಸಲ ವಾದಿ ಮುದುಕವ್ವ, ಪ್ರತಿವಾದಿ ಕಂಪನಿ. ತನ್ನ ಹೆಸರು, ತನ್ನ ಮುಖ ತೋರಿಸಿ ಜನರನ್ನು ನಂಬಿಸುವುದನ್ನು ನಿಲ್ಲಿಸಬೇಕು ಎಂಬ ದಾವೆ. ನೋಂದಣಿ ರದ್ದು ಮಾಡಲು ಬೇರೊಂದು ಅರ್ಜಿ. ಎರಡೂ ನಡೆದಿವೆ, ತಾರೀಖಿನ ಮೇಲೆ ತಾರೀಖು ಬೀಳುತ್ತಿದೆ. ಕಂಪನಿಯ ಪರವಾಗಿ ಈಗ ಬೆಂಗಳೂರಿನಿಂದ ವಕೀಲರು ಬರುತ್ತಾರೆ. ಹಾವೇರಿಯಲ್ಲಿ ಆ ವಕಾಲತ್ತು ಹಿಡಿಯಲು ಯಾರೂ ಮುಂದೆ ಬರಲಿಲ್ಲ.