ಬೋರ್ಡಿಲ್ಲದ ಬೋರ್ಡ್ ರೂಮು

ಕಂಡಕ್ಟರ್ ರಂಗಪ್ಪನವರಿಗೆ ಮುಚ್ಚಿಟ್ಟ ಯಾವುದನ್ನು ಕಂಡರೂ ಆಗದು. ಬಸ್ಸು ಹತ್ತುವವರು ಬುಟ್ಟಿಯ ಮೇಲೆ ಬಟ್ಟೆ ಕಟ್ಟಿದ್ದರೆ ಬೆರಳಲ್ಲಿ ಒತ್ತಿ ನೋಡಿ, "ಒಳಗೆ ಇರೋದು ಹಣ್ಣಾ, ಉಸಿರಾಡೋದಾ?" ಎಂದು ಕೇಳಿಯೇ ಟಿಕೆಟ್ ಹರಿಯುತ್ತಿದ್ದರು. ಒಮ್ಮೆ ಒಳಗಿದ್ದ ಹುಂಜ ಬೆರಳು ಕುಕ್ಕಿತು. ಅನುಮಾನ ನಿಜವಾಯಿತೆಂದು ಅಂದೆಲ್ಲ ಅವರಿಗೆ ಖುಷಿ.

ಅರವತ್ತರ ದಶಕದ ಮಾತು. ನಾನು ಅರಳಸುರಳಿ ಶಾಲೆಯಲ್ಲಿ ಟೀಚರು. ಹಾಸಿಗೆ ಹಿಡಿದ ಅಮ್ಮನಿಗೆ ಆಸ್ಪತ್ರೆ ಹತ್ತಿರವಿರಲೆಂದು ಅವರೊಡನೆ ತೀರ್ಥಹಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಹೋಗಿ ಬರಲು ರಂಗಪ್ಪನವರ ಬಸ್ಸೊಂದೇ ಗತಿ. ಶಾಲೆ ಬಿಡುವುದು ತಡವಾದ ದಿನ ಅವರಿಗೆ ಹಿಂದಿನ ಟೈರಿನ ಮೇಲೆ ಅನುಮಾನ ಬರುತ್ತಿತ್ತು. ನಾನು ಓಡೋಡಿ ಬರುವವರೆಗೂ ಅದನ್ನು ಒದ್ದು ಒದ್ದು ನೋಡುತ್ತಿದ್ದರು. ನಾನು ಹತ್ತಿದ ಕೂಡಲೇ ಟೈರು ಸರಿಹೋಗುತ್ತಿತ್ತು.

ಬಸ್ ಕಂಪನಿಯ ಆಫೀಸಿನ ಹಿಂದೆ ಒಂದು ಕೋಣೆ. ಸಾಗರ, ಹೊಸನಗರ, ಮೇಳಿಗೆ, ಅರಳಸುರಳಿ ಎಂದು ಬರೆದ ಹಲಗೆಗಳನ್ನು ಅಲ್ಲಿ ನೇತುಹಾಕುತ್ತಿದ್ದರಿಂದ ಅದಕ್ಕೆ ಬೋರ್ಡ್ ರೂಮು ಎಂದು ಹೆಸರು. ಕಂಪನಿಯ ಮಾಲೀಕರಾದ ಸಾಹುಕಾರರ ಜೊತೆ ಪಾಲುದಾರರು ಸೇರಿ ಎಲ್ಲರೂ ಡೈರೆಕ್ಟರುಗಳಾದ ಮೇಲೆ ಆ ಕೋಣೆಗೆ ಸುಣ್ಣ ಹೊಡೆಸಿ ಉದ್ದದ ಮೇಜು ಹಾಕಿಸಿದರು. ಹಲಗೆಗಳು ಮೆಟ್ಟಿಲ ಕೆಳಗೆ ಸೇರಿದವು. ಹೆಸರು ಮಾತ್ರ ಕೋಣೆಯಲ್ಲೇ ಉಳಿಯಿತು.

"ಬೋರ್ಡೆಲ್ಲ ಹೊರಗೆ ಹಾಕಿ ಇನ್ನೂ ಬೋರ್ಡ್ ರೂಮು ಅಂತಾರಲ್ಲ ಅಕ್ಕೋರೇ, ಇದ್ರಲ್ಲಿ ಎಂತದೋ ಇದೆ" ಎಂದರು ರಂಗಪ್ಪ.

ಈಗ ಮೇಜಿನ ಸುತ್ತ ಕೂತವರನ್ನೇ ಬೋರ್ಡು ಅನ್ನುತ್ತಾರೆ, ದೊಡ್ಡ ಕಂಪನಿಗಳಲ್ಲೆಲ್ಲ ಹಾಗೇ ಎಂದು ನಾನು ತಿಳಿಸಿ ಹೇಳಿದೆ. ಮೇಷ್ಟರಿಕೆಯ ಚಟ, ಏನು ಮಾಡುವುದು. ಅವರು ಒಪ್ಪಲಿಲ್ಲ.

"ಬೋರ್ಡು ಅಂದ್ರೆ ಬಸ್ಸು ಎಲ್ಲಿಗೆ ಹೋಗ್ತದೆ ಅಂತ ಹೊರಗೆ ನಿಂತೋರಿಗೆ ಹೇಳ್ಬೇಕು. ಇವ್ರು ಬಾಗಿಲು ಹಾಕ್ಕಂಡು ಕೂತ್ರೆ ಓದೋದು ಯಾರು?"

ಅಷ್ಟರಲ್ಲೇ ಅರಳಸುರಳಿ ಟ್ರಿಪ್ಪು ನಿಲ್ಲಿಸುತ್ತಾರೆಂಬ ಗುಸುಗುಸು ಎದ್ದಿತು. ನನಗೆ ಅನ್ನ ಸೇರಲಿಲ್ಲ. ಬಸ್ಸು ನಿಂತರೆ ಕೆಲಸ ಬಿಡಬೇಕು, ಇಲ್ಲವೇ ಅಮ್ಮನನ್ನು ಬಿಡಬೇಕು. ಸುದ್ದಿ ನಿಜವೇ ಎಂದು ರಂಗಪ್ಪನವರನ್ನು ಕೇಳಿದೆ. "ನಾನು ಬಾಗಿಲ ಹತ್ರ ಹೋದ್ರೆ ಒಳಗೆ ಮಾತು ನಿಲ್ತದೆ. ಒಳ್ಳೇ ಮಾತಾದ್ರೆ ಯಾಕೆ ನಿಲ್ಬೇಕು?" ಎಂದರು.

ಒಂದು ಶನಿವಾರ ಅವರನ್ನೇ ಒಳಗೆ ಕರೆಸಿದರು. ಹೊರಬಂದಾಗ ಮನುಷ್ಯ ಬೇರೆಯೇ ಆಗಿದ್ದರು. "ಸುಮ್ನೆ ಅನುಮಾನ ಪಟ್ಟೆ ಅಕ್ಕೋರೇ. ಕುರ್ಚಿ ಕೊಟ್ರು, ಕಾಫಿ ಕೊಟ್ರು. ನಿಮ್ಮ ಅಮ್ಮನ ವಿಷ್ಯನೂ ಹೇಳ್ದೆ. ಹೂಂ ಹೂಂ ಅಂತ ಕೇಳ್ಕಂಡ್ರು. ಹೆದರ್ಬೇಡಿ." ಎಲ್ಲವನ್ನೂ ಅನುಮಾನಿಸುವವರೇ ನಂಬಿದ ಮೇಲೆ ನಾನು ನಂಬದಿರಲೇ? ಆ ರಾತ್ರಿ ನೆಮ್ಮದಿಯಾಗಿ ಮಲಗಿದೆ.

ಸೋಮವಾರ ಬಸ್ಸು ಬಂತು. ಮುಂದುಗಡೆ ಅರಳಸುರಳಿಯ ಬದಲು ಮೇಳಿಗೆ ಎಂಬ ಬೋರ್ಡು ನೇತಾಡುತ್ತಿತ್ತು. ರಂಗಪ್ಪ ಇಳಿದು ಬಂದು ನೆಲ ನೋಡುತ್ತ ನಿಂತರು. "ಕಾಫಿ ಕೊಟ್ಟಾಗ್ಲೇ ತಿಳೀಬೇಕಿತ್ತು" ಎಂದರು. ನನಗೆ ಅಳು ಬಂತು, ಅವರ ಮೇಲೆ ಸಿಟ್ಟು ಬರಲಿಲ್ಲ.

ಅಂದಿನಿಂದ ಅವರು ಯಾರ ಮನೆಯ ಕಾಫಿಯನ್ನೂ ಮುಟ್ಟುತ್ತಿರಲಿಲ್ಲ. ಮದುವೆ ಮನೆಯಲ್ಲೂ "ಮೊದ್ಲು ವಿಷ್ಯ ಹೇಳಿ, ಆಮೇಲೆ ಕಾಫಿ" ಎನ್ನುತ್ತಿದ್ದರು. ಜನ ನಗುತ್ತಿದ್ದರು. ನಾನು ರಜೆ ಹಾಕಿ, ಆಫೀಸಿನಿಂದ ಆಫೀಸಿಗೆ ಅಲೆದು ಕೊನೆಗೂ ಸಾಗರಕ್ಕೆ ವರ್ಗ ಮಾಡಿಸಿಕೊಂಡೆ. ಹೊರಡುವ ಮುಂಚೆ ರಂಗಪ್ಪನವರನ್ನು ಮನೆಗೆ ಕರೆದೆ.

ಹೇಗೆ ಹೇಳುವುದೆಂದು ತಿಳಿಯದೆ, ಅವರ ವ್ರತ ಮರೆತು ಕಾಫಿ ತಂದಿಟ್ಟೆ. ಅವರು ಲೋಟ ನೋಡಿದರು, ನನ್ನ ಮುಖ ನೋಡಿದರು.

"ಎಂತ ನಿಲ್ಸ್ತಾ ಇದೀರಿ ಅಕ್ಕೋರೇ?"

ಸಾಗರಕ್ಕೆ ಹೋಗುತ್ತಿದ್ದೇವೆ, ಅಮ್ಮನೂ ಜೊತೆಗೆ ಎಂದೆ. ಅವರು ಬೀದಿಯ ಕಡೆ ತೆರೆದೇ ಇದ್ದ ಬಾಗಿಲನ್ನು ಒಮ್ಮೆ ತಿರುಗಿ ನೋಡಿ, ಲೋಟ ಎತ್ತಿಕೊಂಡರು.

"ನೀವು ಬಾಗಿಲು ಹಾಕ್ದೆ ಹೇಳಿದ್ರಲ್ಲ" ಎಂದು ಪೂರ್ತಿ ಕುಡಿದರು.