ಗಂಡನ ಹೆಸರಿನ ಪಟ್ಟಿ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ಸುಂಟಿಕೊಪ್ಪದ ಹತ್ತಿರದ ಒಂದು ಕಾಫಿ ಎಸ್ಟೇಟಿನ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದೆ. ರೋಗಿಗಳನ್ನು ಬಂದ ದಿನದ ಕ್ರಮದಲ್ಲಿ ಬರೆದಿಡುವ ರಿಜಿಸ್ಟರು ತಲೆದಿಂಬಿನಷ್ಟು ದಪ್ಪ. ಯಾರದಾದರೂ ಹಳೆಯ ಕಾಯಿಲೆ ಹುಡುಕಬೇಕೆಂದರೆ ಅರ್ಧ ಗಂಟೆ ಹಾಳೆ ತಿರುವಬೇಕು. ಇದನ್ನು ಬೇಗ ಹುಡುಕುವ ದಾರಿ ಯಾವುದಿರಬಹುದು ಎಂಬ ಕುತೂಹಲ ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಯಾರು ಯಾವ ಪುಟದಲ್ಲಿದ್ದಾರೆಂದು ಹೇಳುವ ಅಕಾರಾದಿ ಪಟ್ಟಿಯೊಂದನ್ನು ಬೇರೆ ಪುಸ್ತಕದಲ್ಲಿ ಮಾಡಿದೆ.

ಗಂಡಸರದು ಸರಿಹೋಯಿತು. ಹೆಂಗಸರಲ್ಲಿ ಒಂದೇ ಹೆಸರಿನವರು ಹತ್ತು ಹನ್ನೆರಡು ಮಂದಿ. ಪಟ್ಟಿ ನೋಡಿದ ಮೇಲೂ ಹನ್ನೆರಡು ಕಡೆ ಹುಡುಕಬೇಕು. ಅದೇಕೋ ಗಂಡುಮಕ್ಕಳಿಗೆ ಹೆಸರಿಡುವಾಗ ಮಾತ್ರ ಜನ ಸ್ವಲ್ಪ ಯೋಚನೆ ಮಾಡಿದ್ದರು. ಎಸ್ಟೇಟ್ ರೈಟರ ಹಾಜರಿ ಪುಸ್ತಕ ತರಿಸಿಕೊಂಡು, ಹೆಂಗಸರನ್ನೆಲ್ಲ ಗಂಡನ ಹೆಸರಿನ ಕೆಳಗೆ ಬರೆದೆ. ಗಡಿಯಾರ ಮುಂದಿಟ್ಟುಕೊಂಡು ಪರೀಕ್ಷಿಸಿದರೆ, ಯಾರನ್ನೇ ಆಗಲಿ ಒಂದು ನಿಮಿಷದೊಳಗೆ ಹುಡುಕಿಬಿಡುತ್ತಿದ್ದೆ. ಹಿಗ್ಗಿ ಹೀರೇಕಾಯಿಯಾದೆ. ಹಳೆಯ ಪಟ್ಟಿಯನ್ನು ನೀರೊಲೆಗೆ ಹಾಕಿದೆ.

ವಾರದೊಳಗೆ ಕೂಲಿಯವರ ಸಾಲುಮನೆಗಳ ಲೈನಿನಿಂದ ಒಬ್ಬ ಹೆಂಗಸು ಒಬ್ಬಳೇ ಕುಂಟಿಕೊಂಡು ಬಂದಳು. ಕತ್ತಿ ತಾಗಿದ ಪಾದ ಕೀವು ತುಂಬಿ ಮೊಣಕಾಲಿನವರೆಗೆ ಬಾತಿತ್ತು, ಮೈ ಕೆಂಡ. ಡಾಕ್ಟರು ಸೂಜಿಗೆ ಪೆನಿಸಿಲಿನ್ ತುಂಬಿಸಿದರು. ಸೂಜಿ ನೋಡಿ ಅವಳು ಹಿಂದೆ ಸರಿದಳು.

"ಹೋದ್ ವರ್ಷ ಇಲ್ಲೇ ಒಂದ್ ಸೂಜಿ ಹಾಕಿದ್ರು. ಮುಖ ಎಲ್ಲಾ ಊದ್ಕೊಂಡು ಉಸ್ರೇ ಕಟ್ಟೋಗಿತ್ತು, ಅಯ್ಯ."

ಡಾಕ್ಟರು ಕೈ ತಡೆದರು. ಅದೇ ಸೂಜಿಯಾಗಿದ್ದರೆ ಜೀವಕ್ಕೇ ಅಪಾಯ. ಅಲ್ಲವಾಗಿದ್ದರೆ, ಕೊಡದೆ ಕಾಲು ಉಳಿಯುವುದು ಕಷ್ಟ. "ರಿಜಿಸ್ಟರ್ ನೋಡ್ರಿ, ಬೇಗ," ಎಂದರು.

ನಾನು ಹೆಮ್ಮೆಯಿಂದಲೇ ಪಟ್ಟಿ ತೆರೆದೆ. "ನಿನ್ನ ಗಂಡನ ಹೆಸರೇನಮ್ಮ?"

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. "ಅವ್ರ ಹೆಸ್ರು ನನ್ ಬಾಯಲ್ಲಿ ಹೆಂಗೆ ಹೇಳ್ಲಿ?"

ಬೇಡಿದೆ, ಗದರಿದೆ. ಜ್ವರದಲ್ಲಿ ನಡುಗುತ್ತಿದ್ದವಳು ತಲೆಯಾಡಿಸುತ್ತಲೇ ಇದ್ದಳು. ನಮ್ಮ ಮನೆಯಲ್ಲಿ ನನ್ನ ಹೆಂಡತಿಯೂ ನನ್ನನ್ನು ಹೆಸರು ಹಿಡಿದು ಕರೆದವಳಲ್ಲ. ಅದು ಗೊತ್ತಿದ್ದೂ ಪಟ್ಟಿ ಮಾಡುವಾಗ ನನ್ನ ತಲೆಗೆ ಹೊಳೆದಿರಲಿಲ್ಲ. ಅವಳ ಹೆಸರಿನಿಂದ ಹುಡುಕೋಣವೆಂದರೆ ಹಳೆಯ ಪಟ್ಟಿ ಬೂದಿಯಾಗಿತ್ತು. ಬೇರೆ ದಾರಿಯಿಲ್ಲದೆ ರಿಜಿಸ್ಟರನ್ನೇ ಹಿಂದಿನಿಂದ ಒಂದೊಂದಾಗಿ ತಿರುವತೊಡಗಿದೆ. ಎಷ್ಟೋ ಹೊತ್ತಿನ ಮೇಲೆ ಸಿಕ್ಕಿತು. ಕೆಂಪು ಶಾಯಿ, ನನ್ನದೇ ಅಕ್ಷರ: ಪೆನಿಸಿಲಿನ್ ಕೊಡಕೂಡದು.

ಡಾಕ್ಟರು ಸೂಜಿ ಬದಿಗಿಟ್ಟು, ಕೀವು ತೆಗೆದು, ಸಲ್ಫಾ ಮಾತ್ರೆ ಕೊಟ್ಟರು. ಕಾಲು ಉಳಿಯಿತು. ಕಟ್ಟು ಬಿಚ್ಚಿಸಿಕೊಳ್ಳಲು ಬಂದ ದಿನ ಅವಳು ಮೇಜಿನ ಮೇಲಿದ್ದ ಪಟ್ಟಿಯನ್ನು ತೋರಿಸಿ, "ಇದ್ರಲ್ಲಿ ನಾನಿದೀನಾ?" ಎಂದು ಕೇಳಿದಳು.

ಗಂಡನ ಹೆಸರಿನ ಕೆಳಗೆ ಇದ್ದೀಯ ಎನ್ನಲು ನನಗೆ ನಾಚಿಕೆಯಾಯಿತು. "ಏನಂತ ಬರೆದ್ಕೊಳ್ಳಲಿ, ನೀನೇ ಹೇಳಮ್ಮ," ಎಂದೆ.

ಅವಳು ಸ್ವಲ್ಪ ಯೋಚಿಸಿದಳು. "ಮೂರ್ನೇ ಲೈನು, ಕಡೇ ಮನೆ ಅಂತ ಬರ್ಕೊಳ್ಳಿ. ಅದಾದ್ರೆ ಸಾಯೋ ಹೊತ್ನಲ್ಲೂ ಹೇಳ್ತೀನಿ."