ಹೆಸರಿನ ಪಕ್ಕದ ‘ಹೊರಹೋಗಿ’

ಬೆಳಿಗ್ಗೆ ದೋಸೆಗೆ ಅಕ್ಕಿ ನೆನೆಹಾಕಿದೆ. ಬಾಲ್ಕನಿಯ ಧೂಳು ಒರೆಸಿದೆ. ಬೆಂಗಳೂರಿನ ಹೂಡಿಯಲ್ಲಿ ಅದು ದಿನಾ ಇರುವ ಕೆಲಸ. ನೀರಿನ ಕ್ಯಾನು ಇಳಿಸಿಕೊಂಡೆ. ಯಜಮಾನರ ಅಂಗಿಗಳನ್ನು ಇಸ್ತ್ರಿಗೆ ಕೊಟ್ಟೆ. ಅವರಿರುವುದು ಬಳ್ಳಾರಿ ಕಡೆಯ ಕಾರ್ಖಾನೆಯಲ್ಲಿ. ಯಾವಾಗಲಾದರೂ ಬಂದಾಗ ತೊಟ್ಟುಕೊಳ್ಳಲಿ ಎಂದು ಇಟ್ಟ ಅಂಗಿಗಳವು. ಆಮೇಲೆ ನಮ್ಮ ವಚನ ಗಾಯನ ಬಳಗದ ವೆಬ್‌ಸೈಟ್ ತೆರೆದು, ಯಾರಾದರೂ ಬಂದು ಹೋಗಿದ್ದಾರೆಯೇ ಎಂದು ನೋಡಿದೆ. ನಿನ್ನೆ ಬಂದವರು ಒಬ್ಬರೇ. ಅದು ನಾನೇ.

ಆ ಸೈಟನ್ನು ಕಟ್ಟಿದ್ದೂ ನಾನೇ. ಐಟಿ ಪಾರ್ಕಿನ ಕೆಲಸ ಬಿಟ್ಟ ಮೇಲೆ ಕೈ ಖಾಲಿಯಿತ್ತು. ಸದಸ್ಯರಿಗೆ ಮಾತ್ರ ಅಂತ ಒಂದು ಭಾಗ ಇರಲಿ, ಅಭ್ಯಾಸದ ಹಾಡು ಅಲ್ಲಿ ಸಿಗಲಿ ಎಂದರು ಬಳಗದವರು, ಒಪ್ಪಿಕೊಂಡೆ. ಮೆನುವನ್ನು ಪೂರ್ತಿ ಕನ್ನಡದಲ್ಲೇ ಬರೆದೆ: ಮುಖಪುಟ, ಖಾತೆ, ಸಂಪನ್ಮೂಲಗಳು, ಹೀಗೆ. ಒಂದೇ ಒಂದು ಇಂಗ್ಲಿಷ್ ಪದ ಬರಲಿಲ್ಲವೆಂದು ಒಳಗೊಳಗೇ ಹಿಗ್ಗಿದ್ದೆ.

ಅದೇ ಸುಮಾರಿಗೆ ಅಕ್ಕ ಬರುವುದು ನಿಂತಿತು. ಅಕ್ಕ ಎಂದರೆ ಕಾಡುಗೋಡಿಯಲ್ಲಿ ಮನೆ ಮಾಡಿರುವ, ಹಾವೇರಿ ಕಡೆಯ ಹಿರಿಯರು. ಭಾನುವಾರದ ಅಭ್ಯಾಸದಲ್ಲಿ ಚಾಪೆಯ ಮೇಲೆ ನನ್ನ ಪಕ್ಕ ಕೂತು, ನನ್ನ ಮಂಡಿಯ ಮೇಲೇ ತಾಳ ಹಾಕುತ್ತಿದ್ದವರು. ವಾರದಲ್ಲಿ ನನ್ನನ್ನು ಇನ್ನೊಬ್ಬರು ಮುಟ್ಟುವುದು ಅಂತ ಇದ್ದರೆ ಅದಷ್ಟೇ. ಫೋನ್ ಮಾಡಿದರೆ ಕಾಲು ನೋವು ಎಂದು ಇಟ್ಟುಬಿಡುತ್ತಿದ್ದರು. ಅವರ ಜಾಗದಲ್ಲಿ ನನ್ನ ಕೈಚೀಲ ಇಟ್ಟುಕೊಂಡು ಕೂರುತ್ತಿದ್ದೆ. ಇನ್ನು ಬರುವುದೇ ಇಲ್ಲವೇನೋ ಎಂಬ ಹೆದರಿಕೆ ಹಾಡಿನ ನಡುವೆಯೂ ಬರುತ್ತಿತ್ತು.

ಇವತ್ತು ಕಾಡುಗೋಡಿ ಮಾರ್ಕೆಟ್ಟಿನಲ್ಲಿ, ಸೊಪ್ಪಿನ ಗಾಡಿಯ ಮುಂದೆ ಸಿಕ್ಕರು. ನನ್ನನ್ನು ಕಂಡವರೇ ಮೆಂತ್ಯದ ಕಟ್ಟನ್ನು ತಿರುಗಿಸಿ ತಿರುಗಿಸಿ ನೋಡತೊಡಗಿದರು.

“ಯಾಕಕ್ಕಾ, ನನ್ ಮೇಲೆ ಕೋಪಾನಾ?”

“ಸಿಟ್ಟ್ಯಾಕವಾ? ಹೊರಗ ಹೋಗು ಅಂದಮ್ಯಾಲ ಮತ್ತ ಬರಾಕ ನನಗೇನ್ ಮಾನ ಇಲ್ಲೇನು?”

“ಅಯ್ಯೋ, ಹಾಗಂತ ಯಾರಂದ್ರು?”

“ನೀವ ಬರದೀರಲ್ಲ, ಕೆಂಪ ಅಕ್ಷರದಾಗ, ನನ್ ಹೆಸರಿನ ಮಗ್ಗಲಕ್ಕ. ಅವತ್ತ ನಾ ಶ್ರುತಿ ತಪ್ಪಿದೆ, ಕಲಿಸೋ ಮೇಡಂ ಹಾಡು ನಿಲ್ಲಿಸಿದ್ರು. ಅದಕ್ಕ ತಗದಾರ ಅಂದ್ಕೊಂಡೆ. ಒತ್ತಿ ನೋಡಿದೆ. ಖರೇನ ಹೊರಗ ಹಾಕ್ತು!”

ಸೈಟಿನಲ್ಲಿ ಲಾಗೌಟ್ ಎಂಬುದಕ್ಕೆ ನಾನು ಬರೆದಿದ್ದ ಕನ್ನಡ: ಹೊರಹೋಗಿ.

“ಅದು ಎಲ್ರಿಗೂ ಹಾಗೇ ಬರುತ್ತೆ ಅಕ್ಕಾ. ನೋಡಿ ಮುಗಿದ ಮೇಲೆ ಬಾಗಿಲು ಹಾಕ್ಕೊಂಡು ಹೋಗೋಕೆ.” ನನ್ನ ಫೋನ್ ತೆಗೆದು ತೋರಿಸಿದೆ. ನನ್ನ ಹೆಸರಿನ ಪಕ್ಕದಲ್ಲೂ ಹೊರಹೋಗಿ ಎಂದಿತ್ತು. ದಿನಾ ನೋಡುತ್ತಿದ್ದ ಅಕ್ಷರ; ಆ ಗಾಡಿಯ ಮುಂದೆ ಮೊದಲ ಸಲ ನನಗೂ ಚುಚ್ಚಿತು.

“ಹಂಗಾರ ನಿನ್ನೂ ಹಾಕ್ಯಾರನ?” ಅಕ್ಕ ನಕ್ಕೇಬಿಟ್ಟರು. “ಮನೀಗೆ ಬಂದವರಿಗೆ ಹಿಂಗ ಅಂತಾರೇನ ಹುಚ್ಚಿ? ಹೋಗಿ ಬರ್ರಿ ಅಂತಾರ.”

“ಅಕ್ಕಾ, ತಗೊಂತೀರೋ ಇಲ್ವೋ? ನಿಮ್ ಮಾತಲ್ಲಿ ಸೊಪ್ಪು ಬಾಡ್ತಾ ಐತೆ,” ಅಂದಳು ಸೊಪ್ಪಿನವಳು.

ಮೆಂತ್ಯದ ಜೊತೆ ಅಕ್ಕನನ್ನೂ ಆಟೋದಲ್ಲಿ ಮನೆಗೆ ಕರೆತಂದೆ. ಅವರ ಫೋನಿನಲ್ಲೇ ಸೈಟು ತೆರೆದುಕೊಟ್ಟು, ಹಾಡು ಹುಡುಕಿ ಎಂದು ಹೇಳಿ, ಬಾಯಿ ಬಿಡದೆ ಕೂತೆ. ತೋರಿಸಿಕೊಡಲು ಕೈ ತುಡಿಯುತ್ತಿತ್ತು, ತಡೆದುಕೊಂಡೆ. ಬೆರಳು ‘ಖಾತೆ’ಯವರೆಗೆ ಹೋಗಿ ಹಿಂದೆ ಬಂತು, ಬ್ಯಾಂಕಿನದು ಎಂದು ಹೆದರಿದ್ದರು. “ಸಂಪನ್ಮೂಲ ಅಂದ್ರ ನೀರಾವರೀದೇನು?” ಎಂದು ಅದನ್ನೂ ದಾಟಿದರು. ಹಾಡುಗಳೆಲ್ಲ ಅದರೊಳಗೇ ಇದ್ದವು.

ಅವರ ಎದುರೇ ಲ್ಯಾಪ್‌ಟಾಪ್ ತೆರೆದು ಮೆನು ಬದಲಿಸಿದೆ. ಎಲ್ಲಕ್ಕಿಂತ ಮೇಲೆ ‘ಈ ವಾರದ ಹಾಡು’. ಅದರ ಕೆಳಗೆ ‘ಅಭ್ಯಾಸ ಎಲ್ಲಿ, ಯಾವಾಗ’. ಆಮೇಲೆ ‘ನಮ್ಮವರು’, ‘ನನ್ನ ವಿವರ’. ‘ಹೊರಹೋಗಿ’ಯ ಕೆಂಪು ಬಣ್ಣ ತೆಗೆದು, ಹೆಸರಿನ ಪಕ್ಕದಿಂದ ಎತ್ತಿ, ಹೊಸ್ತಿಲಿರುವ ಹಾಗೆ ಎಲ್ಲದರ ಕೊನೆಗೆ ಇಟ್ಟೆ: ‘ಹೋಗಿ ಬನ್ನಿ’.

ಅಕ್ಕ ಅದನ್ನೊತ್ತಿ ಹೊರಗೆ ಬಂದರು, ಮತ್ತೆ ಒಳಗೆ ಹೋದರು, ಮತ್ತೆ ಹೊರಗೆ ಬಂದರು. “ಭಾನುವಾರ ಆ ನಿನ್ನ ಚೀಲ ತಗದು ಜಾಗಾ ಬಿಡವಾ,” ಅಂದರು. ಚೀಲದ ವಿಷಯ ಅವರಿಗೆ ಯಾರು ಹೇಳಿದರೋ, ನಾನು ಕೇಳಲಿಲ್ಲ.

ಮೆಂತ್ಯದ ಬೇಳೆ, ಅನ್ನ, ಶೇಂಗಾ ಚಟ್ನಿಪುಡಿ ಉಂಡೆವು. ಎರಡು ತಟ್ಟೆ ತೊಳೆದು ಬರುವಷ್ಟರಲ್ಲಿ ಅಕ್ಕ ದಿವಾನದ ಮೇಲೆ ನಿದ್ದೆ ಹೋಗಿದ್ದರು. ಫ್ಯಾನು ಒಂದಿಷ್ಟು ಕಡಿಮೆ ಮಾಡಿ, ಅವರ ಉಸಿರು ಕೇಳುತ್ತ ಪಕ್ಕದ ಕುರ್ಚಿಯಲ್ಲಿ ನಾನೂ ಕಾಲು ಚಾಚಿದೆ.